ಆಟೋಬಾನ್‌ನಲ್ಲಿ 200, ನಮ್ಮ ಹೈವೇಯಲ್ಲಿ 100: ಯಾವುದು ಹೆಚ್ಚು ಅಪಾಯ?

ಕಾವೇರಿತೀರ (ಮಂಡ್ಯ)
ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಹೋಗೋದಿದೆ, ಅಲ್ಲಿ ಕಾರು ಓಡಿಸಲೇಬೇಕು. ಜರ್ಮನಿಯಲ್ಲಿ ಸ್ಪೀಡ್ ಲಿಮಿಟ್ಟೇ ಇಲ್ಲ ಅಂತಾರೆ. ಇಲ್ಲಿ ಬೆಂಗಳೂರು–ಮೈಸೂರು ರಸ್ತೆಯಲ್ಲಿ 100 ದಾಟಿದ್ರೆ ಕ್ಯಾಮೆರಾ ಫೋಟೊ ಹೊಡೆಯುತ್ತೆ. ಡಾಂಬರು ಎರಡೂ ಕಡೆ ಚೆನ್ನಾಗೇ ಇದೆ, ಕಾರುಗಳೂ ಹೆಚ್ಚೂಕಮ್ಮಿ ಅವೇ. ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ಮತ್ತೆ, ಅಲ್ಲಿಗೆ ಹೋಗೋ ಮುಂಚೆ ಯಾವ ಅಭ್ಯಾಸ ಬಿಡಬೇಕು, ಯಾವುದು ಕಲೀಬೇಕು? ದಯವಿಟ್ಟು "ನಮ್ ಜನಕ್ಕೆ ಬುದ್ಧಿ ಇಲ್ಲ" ಅನ್ನೋ ಉತ್ತರ ಬೇಡ, ಅದನ್ನ ಸಾಕಷ್ಟು ಓದಿದೀನಿ.

ಎಡಗನ್ನಡಿ (ಮ್ಯೂನಿಕ್)
ಮೊದಲು ಒಂದು ತಿದ್ದುಪಡಿ. ಲಿಮಿಟ್ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಆಟೋಬಾನ್ ಅಂದ್ರೆ ಜರ್ಮನಿಯ ಎಕ್ಸ್‌ಪ್ರೆಸ್‌ವೇ, ಆ ಜಾಲದಲ್ಲಿ ನೂರಕ್ಕೆ ಸುಮಾರು 70ರಷ್ಟು ಉದ್ದಕ್ಕೆ ಕಾಯಂ ಮಿತಿ ಇಲ್ಲ. ಉಳಿದ ಕಡೆ 120, 100, ಕಾಮಗಾರಿ ನಡೀತಿದ್ರೆ 80 ಅಥವಾ 60. ದೊಡ್ಡ ಊರುಗಳ ಸುತ್ತ ಮಿತಿ ಬೋರ್ಡುಗಳೇ ಜಾಸ್ತಿ. ತಲೆ ಮೇಲಿನ ಎಲೆಕ್ಟ್ರಾನಿಕ್ ಫಲಕದಲ್ಲಿ ಕೆಂಪು ವೃತ್ತದೊಳಗೆ ಅಂಕಿ ಹೊತ್ತಿಕೊಂಡ್ರೆ ಅದು ಸಲಹೆ ಅಲ್ಲ, ಕಾನೂನು. ಬಿಳಿ ವೃತ್ತಕ್ಕೆ ಅಡ್ಡಡ್ಡ ಕಪ್ಪು ಗೆರೆಗಳು ಎಳೆದಿದ್ರೆ ಅಲ್ಲಿಗೆ ಹಿಂದಿನ ಮಿತಿ ಮುಗೀತು.

ಮಿತಿ ಇಲ್ಲದ ಕಡೆ ಕೂಡ 1978ರಿಂದ 130 ಅನ್ನೋ ಶಿಫಾರಸು ವೇಗ ಇದೆ. ದಾಟಿದ್ರೆ ದಂಡ ಬೀಳಲ್ಲ. ಆದ್ರೆ ಅಪಘಾತ ಆದ್ರೆ ಕಥೆ ಬೇರೆ. ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 1992ರಲ್ಲೇ ಹೇಳಿಬಿಟ್ಟಿದೆ: ತಪ್ಪು ಎದುರಿನವನದೇ ಆದ್ರೂ, ನೀವು 130 ಮೀರಿ ಹೋಗ್ತಿದ್ರೆ, "130ರಲ್ಲಿದ್ದಿದ್ರೂ ಇದು ತಪ್ತಿರಲಿಲ್ಲ" ಅಂತ ನೀವು ಸಾಬೀತು ಮಾಡ್ಬೇಕು. ಇಲ್ಲದಿದ್ರೆ ನಷ್ಟದಲ್ಲಿ ನಿಮಗೂ ಪಾಲು. ವಿಮಾ ಕಂಪನಿಗಳಿಗೆ ಇದು ಬಾಯಿಪಾಠ.

ಇನ್ನು ಅಭ್ಯಾಸದ ವಿಷಯ. ಅಲ್ಲಿ ವಾಹನ ಬಲಬದಿಯಲ್ಲಿ ಓಡೋದು. ಬಲಗಡೆ ಲೇನ್ ಖಾಲಿ ಇದ್ರೆ ಅಲ್ಲೇ ಇರ್ಬೇಕು. ಎಡ ಲೇನ್ ಇರೋದು ಓವರ್‌ಟೇಕ್‌ಗೆ, ಮುಗಿದ ಕೂಡ್ಲೆ ವಾಪಸ್. ಬಲಗಡೆಯಿಂದ ನುಗ್ಗಿ ಮುಂದೆ ಹೋದ್ರೆ 100 ಯೂರೊ ದಂಡ, ಜೊತೆಗೆ ಒಂದು ಪಾಯಿಂಟ್. ಎಂಟು ಪಾಯಿಂಟ್ ಆದ್ರೆ ಲೈಸೆನ್ಸ್ ಹೋಯ್ತು. ಹೀಗಾಗಿ 200ರಲ್ಲಿ ಬರೋನಿಗೆ ಒಂದು ಭರವಸೆ ಇರುತ್ತೆ: ತೊಂದರೆ ಬಂದ್ರೆ ಬಲದಿಂದ ಎಡಕ್ಕೆ ಬರೋ ಕಾರಿಂದ ಮಾತ್ರ. ನೋಡ್ಬೇಕಾದ ದಿಕ್ಕು ಒಂದೇ.

ನೀವು ಎಡಕ್ಕೆ ಹೋಗೋವಾಗ ಒಳಕನ್ನಡಿ, ಎಡ ಕನ್ನಡಿ, ಇಂಡಿಕೇಟರ್, ಆಮೇಲೆ ಕುತ್ತಿಗೆ ತಿರುಗಿಸಿ ಹೆಗಲ ಮೇಲಿಂದ ಒಂದು ನೋಟ. ಎಡ ಕನ್ನಡಿಯನ್ನ ಒಂದು ಸೆಕೆಂಡ್ ಬಿಟ್ಟು ಎರಡು ಸಲ ನೋಡಿ. ಹಿಂದಿನ ಹೆಡ್‌ಲೈಟ್ ಎರಡನೇ ಸಲ ದೊಡ್ಡದಾಗಿ ಕಂಡ್ರೆ ಸುಮ್ನೆ ಬಲದಲ್ಲೇ ಕಾಯಿರಿ. ನೀವು 90ರಲ್ಲಿ, ಅವನು 200ರಲ್ಲಿ ಇದ್ರೆ 300 ಮೀಟರ್ ಅಂತರ ಕರಗೋಕೆ ಹತ್ತು ಸೆಕೆಂಡ್ ಸಾಕು. ನಮ್ಮೂರಲ್ಲಿ "ದೂರ ಇದೆ, ಹೋಗ್ಬಹುದು" ಅನ್ನೋ ಲೆಕ್ಕ ಅಲ್ಲಿ ಉಪಯೋಗಕ್ಕೆ ಬರಲ್ಲ.

ಮೀಟರ್‌ಮೇಷ್ಟ್ರು (ತುಮಕೂರು)
ಈ ಕೊನೇ ಮಾತಲ್ಲೇ ಮೂಲ ಪ್ರಶ್ನೆಗೆ ಉತ್ತರ ಇದೆ. ಕೊಲ್ಲೋದು ಸ್ಪೀಡೋಮೀಟರಿನ ಅಂಕಿಗಿಂತ ಎರಡು ವಾಹನಗಳ ನಡುವಿನ ವೇಗದ ವ್ಯತ್ಯಾಸ. ಲೆಕ್ಕ ಹಾಕಿ.

ಆಟೋಬಾನ್: 200ರ ಕಾರು, 90ರ ಕಾರು, ಒಂದೇ ದಿಕ್ಕು. ವ್ಯತ್ಯಾಸ ಗಂಟೆಗೆ 110 ಕಿ.ಮೀ.
ನಮ್ಮ ರಾಷ್ಟ್ರೀಯ ಹೆದ್ದಾರಿ 48: 100ರ ಕಾರು. ಡಿವೈಡರ್ ಸಂದಿಗೆ ಎರಡು ಕಿಲೋಮೀಟರ್ ಸುತ್ತಬೇಕಲ್ಲ ಅಂತ ರಾಂಗ್‌ಸೈಡಲ್ಲಿ 40ರಲ್ಲಿ ಬರೋ ಬೈಕು. ಇವೆರಡು ಸೇರಿದ್ರೆ 140.

ಅಂದ್ರೆ ನಮ್ಮ 100, ಆಟೋಬಾನಿನ 200ಕ್ಕಿಂತ ಜಾಸ್ತಿ.

ಇನ್ನೂ ಸ್ವಲ್ಪ ಮುಂದುವರಿಸಿ. 100ರಲ್ಲಿ ಕಾರು ಸೆಕೆಂಡಿಗೆ 27.8 ಮೀಟರ್ ಓಡುತ್ತೆ. ಒಣ ರಸ್ತೆ, ಒಳ್ಳೆ ಟೈರ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಇದ್ದು ಪೂರ್ತಿ ಬ್ರೇಕ್ ಒತ್ತಿದ್ರೆ, ಒಂದೊಂದು ಸೆಕೆಂಡ್ ಕಳೆದ ಹಾಗೂ ವೇಗ "ಸೆಕೆಂಡಿಗೆ 8 ಮೀಟರಿ"ನಷ್ಟು ಇಳಿಯುತ್ತೆ ಅಂತಿಟ್ಕೊಳ್ಳಿ. ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್, 28 ಮೀಟರ್. ಬ್ರೇಕ್ ಹಿಡಿದ ಮೇಲೆ 48 ಮೀಟರ್. ಒಟ್ಟು 76 ಮೀಟರ್, ನಾಲ್ಕೂವರೆ ಸೆಕೆಂಡ್. ಅಷ್ಟರಲ್ಲಿ ಆ ಬೈಕು ನಿಮ್ಮ ಕಡೆಗೆ 50 ಮೀಟರ್ ಬಂದಿರುತ್ತೆ. ಅಲ್ಲಿಗೆ 126. ಬೈಕು 150 ಮೀಟರಿನಲ್ಲಿ ಕಣ್ಣಿಗೆ ಬಿದ್ದಿದ್ರೆ ಬಚಾವ್. ನಿಮ್ಮ ಕಣ್ಣು ಫೋನ್ ಮೇಲಿದ್ದು ಇನ್ನೊಂದೇ ಸೆಕೆಂಡ್ ತಡ ಆಯ್ತು ಅನ್ನಿ, ಅದೇ ಲೆಕ್ಕ 165 ಮೀಟರ್ ಆಗುತ್ತೆ. 150ರಲ್ಲಿ ಅದು ಹಿಡಿಯಲ್ಲ.

ಮೈಸೂರು ರಸ್ತೆಯ ಮುಖ್ಯ ಆರು ಲೇನ್‌ಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ನಿಷೇಧ ಮಾಡಿದ್ದರ ಹಿಂದೆ ಇರೋ ತರ್ಕ ಇದೇ. ಬಡವರನ್ನ ಓಡಿಸಿದ್ರು ಅಂತ ಆಗ ಗಲಾಟೆ ಆಯ್ತು. ಸರ್ವಿಸ್ ರಸ್ತೆ ಎಲ್ಲಾ ಕಡೆ ಸರಿಯಾಗಿ ಮುಗಿಸದೆ ನಿಷೇಧ ತಂದಿದ್ದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯವೂ ಹೌದು. ಆದ್ರೆ 40 ಮತ್ತು 100 ಒಂದೇ ಲೇನಲ್ಲಿ ಇರಬಾರದು ಅನ್ನೋದರಲ್ಲಿ ಎರಡು ಮಾತಿಲ್ಲ.

ಐದನೇ_ಗೇರ್ (ಬೆಂಗಳೂರು)
ಸರಿ ಮೇಷ್ಟ್ರೇ, ಬೈಕು ಟ್ರ್ಯಾಕ್ಟರ್ ಎಲ್ಲಾ ತೆಗೆದಾಯ್ತಲ್ಲ. ಮತ್ತೆ 100 ಯಾಕೆ? ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 120 ಕೊಟ್ಟಿತ್ತು. ಈಗಿನ ಕಾರುಗಳು ಫೈವ್ ಸ್ಟಾರ್, ಆರು ಏರ್‌ಬ್ಯಾಗ್. 130ರಲ್ಲೂ ಅಲ್ಲಾಡಲ್ಲ. ಇಷ್ಟು ಖರ್ಚು ಮಾಡಿ ರಸ್ತೆ ಮಾಡಿ ಎತ್ತಿನಗಾಡಿ ಸ್ಪೀಡಲ್ಲಿ ಹೋಗಿ ಅಂದ್ರೆ ಏನರ್ಥ?

ಮೀಟರ್‌ಮೇಷ್ಟ್ರು
ಕಾರು ಅಲ್ಲಾಡಲ್ಲ ನಿಜ, ಅದೇ ಸಮಸ್ಯೆ. 130 ಅಂತ ಮೈಗೆ ಗೊತ್ತೇ ಆಗಲ್ಲ.

ನಿಮ್ಮ ಫೈವ್ ಸ್ಟಾರ್ ಬಗ್ಗೆ: ಕಾರಿನ ಸುರಕ್ಷತೆಗೆ ಸ್ಟಾರ್ ಕೊಡೋ ಭಾರತ್ ಎನ್‌ಕ್ಯಾಪ್‌ನ ಮುಂಭಾಗದ ಡಿಕ್ಕಿ ಪರೀಕ್ಷೆ ನಡೆಯೋದು ಗಂಟೆಗೆ 64 ಕಿ.ಮೀ.ನಲ್ಲಿ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 120ರಲ್ಲಿ ಅದು ಪರೀಕ್ಷೆಯ ಮೂರೂವರೆ ಪಟ್ಟು. ಆ ಸ್ಟಾರು ಅಷ್ಟಕ್ಕೆ ಕೊಟ್ಟಿದ್ದಲ್ಲ.

ಇನ್ನೊಂದು ಲೆಕ್ಕ. ಮುಂದೆ ಏನೋ ಅಡ್ಡ ಬಂತು. 100ರ ಕಾರೂ 130ರ ಕಾರೂ ಅಕ್ಕಪಕ್ಕ ಇವೆ, ಇಬ್ರೂ ಒಟ್ಟಿಗೇ ನೋಡಿ ಒಟ್ಟಿಗೇ ಬ್ರೇಕ್ ಒತ್ತಿದ್ರು. 100ರ ಕಾರು 76ನೇ ಮೀಟರಿಗೆ ನಿಲ್ಲುತ್ತೆ. ಅದೇ ಜಾಗದಲ್ಲಿ 130ರ ಕಾರಿನ ವೇಗ ಎಷ್ಟಿರುತ್ತೆ? ಎಲ್ಲರೂ 30 ಅಂತಾರೆ. ಉತ್ತರ 93. ಮೊದಲ ಸೆಕೆಂಡಲ್ಲೇ ಅದು 36 ಮೀಟರ್ ನುಂಗಿರುತ್ತೆ, ಉಳಿದ 40 ಮೀಟರಲ್ಲಿ ಬ್ರೇಕ್ ಮಾಡೋಕಾಗೋದು ಅಷ್ಟೇ.

ಉಳಿತಾಯ ನೋಡಿ: 119 ಕಿ.ಮೀ. ರಸ್ತೆ, 100ರಲ್ಲಿ 71 ನಿಮಿಷ, 120ರಲ್ಲಿ 60. ಆ 11 ನಿಮಿಷ ಕೆಂಗೇರಿ ಸಿಗ್ನಲಲ್ಲಿ ಹೋಗುತ್ತೆ ಸ್ವಾಮಿ. ಮತ್ತೆ 2024ರ ಆಗಸ್ಟಿಂದ ರಾಜ್ಯದಲ್ಲಿ 130 ದಾಟಿದ್ರೆ ಬರೀ ದಂಡ ಅಲ್ಲ, ಎಫ್‌ಐಆರ್ ಹಾಕ್ತೀವಿ ಅಂತ ಪೊಲೀಸರು ಹೇಳಿದಾರೆ. ಕೇಸ್ ಬಿದ್ರೆ ಪಾಸ್‌ಪೋರ್ಟ್ ವೆರಿಫಿಕೇಶನ್ನಿಗೂ ತಲೆನೋವು.

ಕತ್ತಲಾದ ಮೇಲೆ 100 ಕೂಡ ಜಾಸ್ತಿ. ಡಿಮ್ ಲೈಟ್ ಸ್ಪಷ್ಟವಾಗಿ ತೋರ್ಸೋದು 60 ಮೀಟರ್ ಆಸುಪಾಸು. 80ರಲ್ಲಿ ನಿಲ್ಲೋಕೆ 53 ಮೀಟರ್ ಬೇಕು, 100ರಲ್ಲಿ 76. ಅಂದ್ರೆ 100ರಲ್ಲಿ ನೀವು ನೋಡದೇ ಇರೋ ಜಾಗಕ್ಕೆ ಓಡಿಸ್ತಿದೀರಿ.

ಐದನೇ_ಗೇರ್
ಲೆಕ್ಕ ಒಪ್ದೆ. ಆದ್ರೆ ಬಲಗಡೆ ಲೇನಲ್ಲಿ 60ರಲ್ಲಿ ಕೂತಿರೋ ಲಾರಿಗೆ ಯಾರು ಪಾಠ ಮಾಡ್ತಾರೆ? ಅವನು ಬಿಡದೇ ಇರೋದಕ್ಕೇ ಎಲ್ಲರೂ ಎಡಗಡೆಯಿಂದ ನುಗ್ಗೋದು.

ಹತ್ತುಚಕ್ರ (ದಾವಣಗೆರೆ)
ಲಾರಿ ಕಡೆಯಿಂದ ನಾನು ಹೇಳ್ತೀನಿ ಅಣ್ಣ. ಬೈಯ್ಯೋ ಮುಂಚೆ ಎಡ ಲೇನಲ್ಲಿ ಏನೇನಿದೆ ಅಂತ ಒಂದ್ಸಲ ನೋಡಿ. ಬಸ್ಸು ನಿಲ್ಲೋದು ಎಡಕ್ಕೆ. ಎಳನೀರು ಗಾಡಿ ಮುಂದೆ ಕಾರು ನಿಲ್ಲಿಸೋದು ಎಡಕ್ಕೆ. ಸರ್ವಿಸ್ ರಸ್ತೆಯಿಂದ ಕನ್ನಡಿ ನೋಡದೆ ನುಗ್ಗೋದು ಎಡಕ್ಕೆ. ರಾಂಗ್‌ಸೈಡ್ ಬೈಕು ಬರೋದೂ ಎಡದ ಅಂಚಲ್ಲೇ. ಲೋಡ್ ಗಾಡಿಗಳು ಓಡಿ ಓಡಿ ಡಾಂಬರು ತಗ್ಗು ಬಿದ್ದಿರೋದೂ ಅಲ್ಲೇ. 25 ಟನ್ ಹೊತ್ತ ಗಾಡಿ ಒಂದ್ಸಲ 60ರಿಂದ 20ಕ್ಕೆ ಇಳಿದ್ರೆ ಮತ್ತೆ 60 ಮುಟ್ಟೋಕೆ ಗೇರ್ ಮೇಲೆ ಗೇರ್ ಹಾಕ್ಬೇಕು, ಡೀಸೆಲ್ ಹೋಗುತ್ತೆ. ಹೀಗಾಗಿ ಡ್ರೈವರ್ ಡಿವೈಡರ್ ಪಕ್ಕ ಹಿಡ್ಕೊಂಡು ಕೂರ್ತಾನೆ. ಅದು ತಪ್ಪೇ, ಸಮರ್ಥನೆ ಮಾಡ್ತಿಲ್ಲ. ಆದ್ರೆ ಎಡ ಲೇನ್ ಖಾಲಿ ಮಾಡಿಸದೆ ಬರೀ ಅವನಿಗೆ ದಂಡ ಹಾಕಿದ್ರೆ ಆಗಲ್ಲ. ಜರ್ಮನಿಯಲ್ಲಿ ಎಡ–ಬಲ ಉಲ್ಟಾ ಇರ್ಬಹುದು, ಆದ್ರೆ ಅಲ್ಲಿ ನಿಧಾನದ ಲೇನಲ್ಲಿ ಎಳನೀರು ಮಾರಲ್ಲ ಅಲ್ವಾ.

ಲಾರಿ ಲಾರಿಯನ್ನ ಓವರ್‌ಟೇಕ್ ಮಾಡೋದು ಇನ್ನೊಂದು ತಾಪತ್ರಯ. ಎರಡಕ್ಕೂ ವೇಗ ಮಿತಿ ಮೀರದ ಹಾಗೆ ತಡೆಯೋ ಸ್ಪೀಡ್ ಗವರ್ನರ್ ಇರುತ್ತೆ. ಒಂದು 80, ಒಂದು 78 ಅಂತಿಟ್ಕೊಳ್ಳಿ. ಎರಡು ಗಾಡಿ ಉದ್ದ, ಹಿಂದೆ ಮುಂದೆ 50–50 ಮೀಟರ್ ಜಾಗ ಸೇರಿ 130 ಮೀಟರ್ ದಾಟ್ಬೇಕು. ಗಂಟೆಗೆ 2 ಕಿ.ಮೀ. ವ್ಯತ್ಯಾಸದಲ್ಲಿ ಅದಕ್ಕೆ ನಾಲ್ಕು ನಿಮಿಷ, ಐದು ಕಿಲೋಮೀಟರ್ ರಸ್ತೆ. ಹಿಂದೆ ಕಾರುಗಳ ಸಾಲು, ಹಾರ್ನ್, ಹೈಬೀಮ್. ದಾಟಿಸ್ಕೊಳ್ಳೋ ಗಾಡಿಯವನು ಆಕ್ಸಿಲರೇಟರ್ ಚೂರು ಎತ್ತಿ 70ಕ್ಕೆ ಬಂದ್ರೆ ಅದೇ ಕೆಲಸ 47 ಸೆಕೆಂಡಲ್ಲಿ ಮುಗಿಯುತ್ತೆ. ಇದನ್ನ ಡ್ರೈವರ್‌ಗಳಿಗೆ ಹೇಳಿಕೊಡೋ ಮಾಲೀಕರು ಕಮ್ಮಿ.

ಎಡಗನ್ನಡಿ
ಹತ್ತುಚಕ್ರ ಅವರು ಹೇಳಿದ್ದು ನೂರಕ್ಕೆ ನೂರು. ಜರ್ಮನಿಯಲ್ಲೂ ಆ ಲಾರಿ ಓಟ ಇದೆ, ಜನ ಬೈಯ್ಯೋದೂ ಇದೆ. ಅಲ್ಲಿನ ನ್ಯಾಯಾಲಯಗಳು ಇಟ್ಟುಕೊಂಡಿರೋ ಅಳತೆ ಕೂಡ ಅದೇ: ಸುಮಾರು 45 ಸೆಕೆಂಡಲ್ಲಿ ಓವರ್‌ಟೇಕ್ ಮುಗೀಬೇಕು.

ಕಡಲಾಚೆ (ಶಾರ್ಜಾ, ಊರು ಉಡುಪಿ)
ಗಲ್ಫ್ ಕಡೆಯದ್ದನ್ನೂ ಸೇರಿಸುತ್ತೇನೆ, ನಮ್ಮ ಕರಾವಳಿಯವರು ಅಲ್ಲಿ ತುಂಬಾ ಜನ ಇದ್ದಾರಲ್ಲ. ರಸ್ತೆ ಆಟೋಬಾನ್‌ಗಿಂತ ಅಗಲ, ಆದರೆ ಜಗತ್ತಿನ ಎಲ್ಲ ದೇಶದ ಅಭ್ಯಾಸಗಳೂ ಒಂದೇ ರಸ್ತೆಯಲ್ಲಿ ಸೇರಿರುತ್ತವೆ. ದುಬೈಯಲ್ಲಿ ಬೋರ್ಡಿನ ಮಿತಿಯ ಮೇಲೆ 20 ಕಿ.ಮೀ. ತನಕ ಕ್ಯಾಮೆರಾ ಸುಮ್ಮನಿರುತ್ತದೆ. ಅಬುಧಾಬಿ 2018ರಲ್ಲಿ ಆ ರಿಯಾಯಿತಿ ತೆಗೆದುಹಾಕಿತು. ದುಬೈಯಿಂದ ಅದೇ ವೇಗದಲ್ಲಿ ಗಡಿ ದಾಟಿದವರಿಗೆ ಮೊಬೈಲಿಗೆ ದಂಡದ ಮೆಸೇಜ್ ಬರುತ್ತದೆ. ಮುಂದಿನ ಕಾರಿಗೆ ಅಂಟಿಕೊಂಡು ಹೋದರೆ 400 ದಿರ್ಹಂ ಮತ್ತು ನಾಲ್ಕು ಕಪ್ಪು ಪಾಯಿಂಟ್.

ಅಬುಧಾಬಿ 2023ರಲ್ಲಿ ಇ311 ರಸ್ತೆಯ ಎಡದ ಎರಡು ಲೇನ್‌ಗಳಿಗೆ ಕನಿಷ್ಠ ವೇಗ 120 ಎಂದು ಮಾಡಿತ್ತು. ನಿಧಾನವಾಗಿ ಹೋದರೂ ದಂಡ! 2025ರಲ್ಲಿ ಅದನ್ನು ತೆಗೆದರು. ವೇಗದ ವ್ಯತ್ಯಾಸ ಕಮ್ಮಿ ಮಾಡಬೇಕೆಂಬ ಯೋಚನೆ ಸರಿಯಾದದ್ದೇ, ಆದರೆ ಹೆದರುವವರನ್ನು ದಂಡ ಹಾಕಿ ಓಡಿಸುವುದು ನನಗಂತೂ ವಿಚಿತ್ರವಾಗಿ ಕಂಡಿತ್ತು.

ಮತ್ತೊಂದು, ಹೈಬೀಮ್ ಮಿಣುಕಿಸುವುದು. ನಮ್ಮಲ್ಲಿ ಅದಕ್ಕೆ "ನಾನು ಬರುತ್ತಿದ್ದೇನೆ, ನೀನು ನಿಲ್ಲು" ಎಂಬ ಅರ್ಥ. ಬ್ರಿಟನ್ನಿನಲ್ಲಿ ಚಾಲಕರು ಸಾಮಾನ್ಯವಾಗಿ "ನೀವು ಹೋಗಿ" ಎನ್ನಲು ಬಳಸುತ್ತಾರೆ. ಎದುರು ಬದುರು ನಿಂತ ಇಬ್ಬರು ಇದನ್ನು ಬೇರೆ ಬೇರೆಯಾಗಿ ಓದಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಹೊಸ ದೇಶದಲ್ಲಿ ಲೈಟಿನ ಸನ್ನೆ ನಂಬಿ ಗಾಡಿ ಮುಂದೆ ಬಿಡಬೇಡಿ.

ಎಡಗನ್ನಡಿ
ಜರ್ಮನಿಯಲ್ಲಿ ಊರ ಹೊರಗೆ ಓವರ್‌ಟೇಕ್ ಮಾಡ್ತೀನಿ ಅಂತ ಒಂದ್ಸಲ ಲೈಟ್ ತೋರ್ಸೋಕೆ ಕಾನೂನು ಬಿಡುತ್ತೆ. ಆದ್ರೆ ಹಿಂದೆ ಅಂಟಿಕೊಂಡು ಬಿಡದೆ ಮಿಣುಕಿಸಿದ್ರೆ ಅದು ಬಲವಂತದ ಅಪರಾಧ ಆಗ್ಬಹುದು, ಕ್ರಿಮಿನಲ್ ಕೇಸು. ಅಂತರಕ್ಕೆ ಸುಲಭ ಸೂತ್ರ: ಸ್ಪೀಡೋಮೀಟರ್ ತೋರ್ಸೋ ವೇಗದ ಅರ್ಧದಷ್ಟು ಮೀಟರ್. 120ಕ್ಕೆ 60 ಮೀಟರ್. ಅಳೆಯೋದು ಹೇಗೆ ಅಂದ್ರೆ ರಸ್ತೆ ಬದಿಯ ಬಿಳಿ–ಕಪ್ಪು ಕಂಬಗಳು 50 ಮೀಟರಿಗೆ ಒಂದು. ಮಂಜು ಕವಿದಾಗಲೂ ಅವೇ ಲೆಕ್ಕ. ಮುಂದಿನ ಕಂಬ ಕಾಣದಿದ್ರೆ ವೇಗ 50 ಮೀರಬಾರದು, ಹಿಂದಿನ ಫಾಗ್ ಲೈಟ್ ಹಾಕೋಕೆ ಅನುಮತಿ ಇರೋದೂ ಆಗ ಮಾತ್ರ.

ಗಾಳಿ_ಪಂಪು (ಹುಬ್ಬಳ್ಳಿ)
ಎಲ್ಲಾರೂ ಸ್ಪೀಡ್ ಬಗ್ಗೆ ಹೇಳಾಕತ್ತೀರಿ, ಟೈರ್ ಬಗ್ಗೆ ಯಾರೂ ಬರದಿಲ್ಲ ನೋಡ್ರಿ. "ಕಾಂಕ್ರೀಟ್ ರಸ್ತೆ ಕಾಯ್ದು ಟೈರ್ ಒಡೀತು" ಅಂತಾರ. ಬಹಳ ಸಲ ಒಡಿಯೂದು ಗಾಳಿ ಕಮ್ಮಿ ಇದ್ದದ್ದಕ್ಕ. ಗಾಳಿ ಕಮ್ಮಿ ಆದ್ರ ಟೈರಿನ ಪಕ್ಕದ ಗೋಡಿ ಪ್ರತಿ ಸುತ್ತಿಗೂ ಮಡಚಿ ಬಿಚ್ಚತೈತಿ, ಅದರಾಗ ಕಾವು ಹುಟ್ಟತೈತಿ, ಒಳಗಿನ ನೂಲು ರಬ್ಬರಿನಿಂದ ಬಿಡತೈತಿ. ಊರಾಗ 40ರಾಗ ಓಡಾಡಿದ್ರ ಗೊತ್ತಾಗಂಗಿಲ್ಲ. ಹೈವೇದಾಗ ಒಂದ್ ತಾಸು 110 ಹೊಡದ್ರ ಗೊತ್ತಾಗತೈತಿ. "ಬ್ಯಾಸಗಿ ಐತಿ, ಎರಡು ಪಾಯಿಂಟ್ ಕಮ್ಮಿ ಹಾಕು" ಅಂತ ಹೇಳೋರು ಈ ತಪ್ಪನ್ನ ಕೈಯಾರೆ ಮಾಡಸ್ತಾರ.

ಗಾಳಿ ನೋಡೂದು ಟೈರ್ ತಣ್ಣಗಿದ್ದಾಗ, ಮುಂಜಾನೆ ಹೊರಡೂಕಿಂತ ಮೊದಲ. ಎಷ್ಟು ಹಾಕ್ಬೇಕು ಅನ್ನೂದು ಡ್ರೈವರ್ ಬಾಗಲ ಕಂಬಕ್ಕ ಅಂಟಿಸಿದ ಚೀಟಿಯೊಳಗ ಐತಿ, ಟೈರ್ ಮ್ಯಾಲಿನ ಗರಿಷ್ಠ ಅಂಕಿ ಅಲ್ಲ. ಐದು ಮಂದಿ, ಲಗೇಜ್ ಇದ್ರ ಫುಲ್ ಲೋಡಿನ ಸಾಲು ನೋಡ್ರಿ.

ಟೈರಿನ ಪಕ್ಕದಾಗ ಒಂದು ಮೊಟ್ಟಿ ಆಕಾರದ ಗೆರಿಯೊಳಗ ನಾಕು ಅಂಕಿ ಇರತಾವ. 2319 ಅಂದ್ರ 2019ರ 23ನೇ ವಾರ ತಯಾರಾಗಿದ್ದು. ಹಲ್ಲು ಇದ್ರೂ ಹಳೇ ರಬ್ಬರ್ ಬಿರುಸಾಗಿರತೈತಿ, ಮಳಿಯಾಗ ಹಿಡಿಯಂಗಿಲ್ಲ. ಅಳತೆಯ ಕಡೀ ಅಕ್ಷರ ವೇಗದ್ದು: ಎಸ್ ಇದ್ರ 180, ಟಿ 190, ಎಚ್ 210, ವಿ 240. ಹಲ್ಲಿನ ಆಳ 1.6 ಮಿ.ಮೀ.ಗಿಂತ ಕೆಳಗ ಇಳಿದ್ರ ಕಾನೂನು ಪ್ರಕಾರ ಸತ್ತ ಟೈರ್. ಮಳಿಗಾಲಕ್ಕ 3 ಇರ್ಲಿ. ಗುಂಡಿಗೆ ಬಿದ್ದು ಪಕ್ಕಕ್ಕ ಗುಳ್ಳಿ ಎದ್ದಿದ್ರ ಒಳಗಿನ ನೂಲು ಹರದೈತಿ ಅಂತ ಅರ್ಥ, ಅದಕ್ಕ ಪಂಚರ್ ಪಟ್ಟಿ ಹಾಕಸಾಕ ಬರಂಗಿಲ್ಲ, ಟೈರ್ ಬದಲಿ ಮಾಡಸ್ರಿ. ಸ್ಟೇರಿಂಗ್ 80–100ರ ನಡುವ ನಡುಗಿದ್ರ ಚಕ್ರದ ಬ್ಯಾಲೆನ್ಸಿಂಗ್ ಮಾಡಸ್ರಿ. ಸ್ಟೆಪ್ನಿ ಸಣ್ಣದಿದ್ರ ಅದರ ಮ್ಯಾಲ "80" ಅಂತ ಹಳದಿ ಸ್ಟಿಕರ್ ಇರತೈತಿ, ಅದು ಅಲಂಕಾರಕ್ಕ ಅಲ್ರಿ.

ಓಡೂ ಮುಂದ ಟೈರ್ ಒಡದ್ರ ಬ್ರೇಕ್ ಮ್ಯಾಲ ಕಾಲ ಇಡಬ್ಯಾಡ್ರಿ. ಸ್ಟೇರಿಂಗ್ ಎರಡೂ ಕೈಲೆ ಬಿಗಿ ಹಿಡದು, ಆಕ್ಸಿಲರೇಟರ್ ಮೆಲ್ಲಕ ಬಿಟ್ಟು, ತಾನ ವೇಗ ಇಳಿಯೂತನಾ ನೆಟ್ಟಗ ಹೋಗಬೇಕು.

ಕಾವೇರಿತೀರ
ಎಲ್ಲರಿಗೂ ನಮಸ್ಕಾರ, ಇದನ್ನೇ ಕೇಳ್ತಿದ್ದಿದ್ದು. ಇನ್ನು ಮೂರು ಸಣ್ಣ ಅನುಮಾನ. ಆಟೋಬಾನ್ ಒಳಗೆ ಸೇರೋದು ಹೇಗೆ? ಗಾಡಿ ಕೆಟ್ಟು ನಿಂತ್ರೆ? ನಮ್ಮ ಲೈಸೆನ್ಸ್ ನಡೆಯುತ್ತಾ?

ಎಡಗನ್ನಡಿ
ಸೇರೋದು: ಪಕ್ಕದಲ್ಲಿ ವೇಗ ಹೆಚ್ಚಿಸ್ಕೊಳ್ಳೋಕೆ ಅಂತಲೇ ಒಂದು ಲೇನ್ ಇರುತ್ತೆ, ಸಾಮಾನ್ಯವಾಗಿ 250 ಮೀಟರ್. ಅಷ್ಟರಲ್ಲಿ ನೀವು ಬಲ ಲೇನಿನ ವೇಗಕ್ಕೆ, 90–100ಕ್ಕೆ, ಬಂದಿರ್ಬೇಕು. ಮೂರನೇ ಗೇರಲ್ಲಿ ಎಂಜಿನ್ ಕೂಗಲಿ, ಪರವಾಗಿಲ್ಲ. ನಮ್ಮಲ್ಲಿ ತುದಿಗೆ ಬಂದು ಬ್ರೇಕ್ ಹಾಕಿ ನಿಂತು ಹಿಂದೆ ತಿರುಗಿ ನೋಡೋ ಅಭ್ಯಾಸ ಇದೆಯಲ್ಲ, ಅಲ್ಲಿ ಅದು ಪ್ರಾಣಕ್ಕೆ ಕುತ್ತು. ಆದ್ಯತೆ ಮಾತ್ರ ಒಳಗಿರೋರದು. ಹೊರಗೆ ಹೋಗೋ ದಾರಿ ತಪ್ಪಿದ್ರೆ ಮುಂದಿನದಕ್ಕೆ ಹೋಗಿ. ರಿವರ್ಸ್ ತಗೊಳ್ಳೋದು ಇಲ್ಲವೇ ಇಲ್ಲ. ತಪ್ಪಬಾರದು ಅಂತಲೇ 300, 200, 100 ಮೀಟರಿಗೆ ಮೂರು, ಎರಡು, ಒಂದು ಗೆರೆಯ ನೀಲಿ ಫಲಕ ಇರ್ತವೆ.

ಟ್ರಾಫಿಕ್ ನಿಂತ್ರೆ ಹಿಂದಿನವರಿಗೆ ಕಾಣೋ ಹಾಗೆ ನಾಲ್ಕೂ ಇಂಡಿಕೇಟರ್ ಹಾಕಿ. ಕೂಡ್ಲೆ ತೀರಾ ಎಡ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ನಡುವೆ ಆಂಬ್ಯುಲೆನ್ಸ್‌ಗೆ ದಾರಿ ಮಾಡ್ಬೇಕು. ಸೈರನ್ ಕೇಳಿದ ಮೇಲಲ್ಲ, ನಡಿಗೆ ವೇಗಕ್ಕೆ ಬಂದ ತಕ್ಷಣ. ಮಾಡದಿದ್ರೆ 200 ಯೂರೊ, ಎರಡು ಪಾಯಿಂಟ್, ಒಂದು ತಿಂಗಳು ಗಾಡಿ ಓಡಿಸೋ ಹಾಗಿಲ್ಲ. ನಮ್ಮಲ್ಲಿ ಆಂಬ್ಯುಲೆನ್ಸ್ ತಡೆದ್ರೆ ಕಾಯ್ದೆಯಲ್ಲಿ 10,000 ರೂಪಾಯಿ ದಂಡ ಇದೆ, ಆದ್ರೆ ಎತ್ತ ಸರೀಬೇಕು ಅನ್ನೋದನ್ನ ಯಾರೂ ಕಲಿಸಲ್ಲ.

ಕೆಟ್ಟು ನಿಂತ್ರೆ ಬಲದ ಅಂಚಿಗೆ ತಂದು, ಹಳದಿ ಅಥವಾ ಕಿತ್ತಳೆ ಜಾಕೆಟ್ ಹಾಕಿ, ಎಲ್ಲರೂ ಬಲಬಾಗಿಲಿಂದ ಇಳಿದು ತಡೆಬೇಲಿಯ ಆಚೆ ನಿಲ್ಲಿ. ಜಾಕೆಟ್ ಡಿಕ್ಕಿಯಲ್ಲಲ್ಲ, ಕೈಗೆ ಸಿಗೋ ಕಡೆ ಇರ್ಲಿ. ತ್ರಿಕೋನ 150 ಮೀಟರ್ ಹಿಂದೆ, ಅಂದ್ರೆ ಮೂರು ಕಂಬ ಎಣಿಸಿ. ಕಂಬದ ಮೇಲಿನ ಸಣ್ಣ ಬಾಣ ಹತ್ತಿರದ ತುರ್ತು ಫೋನ್ ಯಾವ ಕಡೆ ಅಂತ ತೋರ್ಸುತ್ತೆ. ಪೆಟ್ರೋಲ್ ಮುಗಿದು ನಿಂತ್ರೂ ದಂಡ ಬೀಳುತ್ತೆ. ಅದು ತಪ್ಪಿಸಬಹುದಾಗಿದ್ದ ನಿಲುಗಡೆ ಅನ್ನೋದು ಅವರ ವಾದ.

ಹತ್ತುಚಕ್ರ
ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಮ್ಮ ಕಡೆ ತ್ರಿಕೋನದ ಬದಲು ಗಾಡಿ ಸುತ್ತ ಕಲ್ಲು, ಗಿಡದ ಟೊಂಗೆ ಇಡ್ತಾರೆ. ರಿಪೇರಿ ಆದ್ಮೇಲೆ ಕಲ್ಲು ಅಲ್ಲೇ ಬಿಟ್ಟು ಹೋಗ್ತಾರೆ. ರಾತ್ರಿ ಆ ಕಲ್ಲಿಗೆ ಹತ್ತಿದ ಬೈಕಿನವನ ಗತಿ ಏನು? ನಿಮ್ಮ ಮುಂದೆ ಯಾರಾದ್ರೂ ಹಾಗೆ ಮಾಡಿದ್ರೆ ದಯವಿಟ್ಟು ತೆಗೆಸಿ. ಹೈವೇ ಸಹಾಯಕ್ಕೆ 1033 ಇದೆ, ಹೇಳಿದ್ರೆ ಗಸ್ತು ಗಾಡಿ ಬರುತ್ತೆ.

ಎಡಗನ್ನಡಿ
ಲೈಸೆನ್ಸ್: ಅಲ್ಲಿ ವಾಸ ಶುರುವಾದ ದಿನದಿಂದ ಆರು ತಿಂಗಳು ಭಾರತದ ಲೈಸೆನ್ಸ್ ನಡೆಯುತ್ತೆ, ಅನುವಾದ ಅಥವಾ ಅಂತರರಾಷ್ಟ್ರೀಯ ಪರ್ಮಿಟ್ ಜೊತೆಗಿರ್ಲಿ. ಆಮೇಲೆ ಲಿಖಿತ, ಚಾಲನಾ ಪರೀಕ್ಷೆ ಎರಡೂ ಪಾಸ್ ಆಗ್ಬೇಕು. ಹೊಸಬರಿಗೆ ಕಡ್ಡಾಯ ಇರೋ ತರಗತಿಗಳಿಂದ ನಿಮಗೆ ವಿನಾಯಿತಿ ಇದೆ, ಆದ್ರೂ ಕೆಲವು ಪಾಠ ತಗೊಳ್ಳೋದು ಜಾಣತನ. ಲಿಖಿತ ಪರೀಕ್ಷೆಯಲ್ಲಿ 30 ಪ್ರಶ್ನೆ, ತಪ್ಪಿನ ಅಂಕ 10 ದಾಟಬಾರದು, ಇಂಗ್ಲಿಷಲ್ಲಿ ಬರೀಬಹುದು.

ಆಟೋಬಾನ್ ಭಯ ಬಿಡಿ, ನಿಜವಾಗ್ಲೂ ಜಾಗ್ರತೆ ಬೇಕಾಗಿರೋದು ಹಳ್ಳಿ ಕಡೆ ರಸ್ತೆಗಳಲ್ಲಿ. ಜರ್ಮನಿಯ ರಸ್ತೆ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಆಗೋದು. ಮಿತಿ 100, ಡಿವೈಡರ್ ಇಲ್ಲ, ಎರಡೂ ಬದಿ ಮರ, ಎದುರಿನಿಂದಲೂ 100. ಮೇಷ್ಟ್ರ ಲೆಕ್ಕ ಹಿಡಿದ್ರೆ ಅಲ್ಲಿ ವ್ಯತ್ಯಾಸ 200. ಊರೊಳಗೆ ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರೋನಿಗೆ ಮೊದಲ ಹಕ್ಕು, ಅವನು ಎಷ್ಟೇ ಸಣ್ಣ ಗಲ್ಲಿಯಿಂದ ಬಂದಿರ್ಲಿ. ನಮ್ಮವರು ಚಾಲನಾ ಪರೀಕ್ಷೆಯಲ್ಲಿ ಫೇಲಾಗೋದು ಹೆಚ್ಚಾಗಿ ಇಲ್ಲೇ. ಪ್ರತಿ ಗಲ್ಲಿ ಬಾಯಲ್ಲೂ ಆಕ್ಸಿಲರೇಟರ್ ಬಿಟ್ಟು, ತಲೆ ತಿರುಗಿಸಿದ್ದು ಪರೀಕ್ಷಕರಿಗೆ ಕಾಣೋ ಹಾಗೆ ಬಲಕ್ಕೆ ನೋಡಿ.